ಪ್ರವಾಸೋದ್ಯಮದ ಉದ್ಯೋಗ: ತಲೆ ಎಣಿಸುವ ಮೊದಲು

ಪ್ರಶ್ನೆ: ನಮ್ಮ ಪ್ರದೇಶದಲ್ಲಿ ಪ್ರವಾಸೋದ್ಯಮ ಎಷ್ಟು ಜನರಿಗೆ ಕೆಲಸ ಕೊಟ್ಟಿದೆ ಎಂದು ವರದಿ ಬರೆಯುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಹೋಟೆಲ್ ಮಾಲೀಕರ ಸಂಘ 40,000 ಅನ್ನುತ್ತದೆ. ಸರ್ಕಾರಿ ಕೋಷ್ಟಕದಲ್ಲಿ 'ವಸತಿ ಮತ್ತು ಆಹಾರ ಸೇವೆ' ಎಂಬ ಸಾಲಿನ ಮುಂದೆ 14,000 ಇದೆ. ಒಂದು ಸಲಹಾ ಸಂಸ್ಥೆಯ ವರದಿ 65,000 ಎಂದು ಬರೆದಿದೆ. ಯಾವುದನ್ನು ನಂಬಲಿ? ಯಾವುದನ್ನೇ ತೆಗೆದುಕೊಂಡರೂ ಪಕ್ಕದ ಪ್ರದೇಶದ ಜೊತೆ, ಹಿಂದಿನ ವರ್ಷಗಳ ಜೊತೆ ಹೋಲಿಸಬಹುದೇ?

ಉತ್ತರ: ಮೂರೂ ಸುಳ್ಳಾಗಿರಬೇಕಿಲ್ಲ. ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳನ್ನು ನೀವು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೀರಿ, ಅಷ್ಟೆ. ಹೋಟೆಲು, ಲಾಡ್ಜುಗಳಲ್ಲಿ ಎಷ್ಟು ಜನ ದುಡಿಯುತ್ತಾರೆ ಅನ್ನುವುದು ಒಂದು ಪ್ರಶ್ನೆ. ಪ್ರವಾಸಿಗರು ಬರುವುದೇ ನಿಂತರೆ ಎಷ್ಟು ಜನರ ಕೆಲಸಕ್ಕೆ ಕುತ್ತು ಬರುತ್ತದೆ ಅನ್ನುವುದು ಇನ್ನೊಂದು. ಪ್ರವಾಸಿ ಕೊಟ್ಟ ದುಡ್ಡು ಕೈಯಿಂದ ಕೈಗೆ ಹೋಗುತ್ತ ಎಲ್ಲೆಲ್ಲಿ ಯಾರ್ಯಾರ ಹೊಟ್ಟೆ ತುಂಬಿಸಿತು ಅನ್ನುವುದು ಮತ್ತೊಂದು. ವರದಿ ಕೇಳಿದವರಿಗೆ ಬಹುಪಾಲು ಬೇಕಿರುವುದು ಎರಡನೆಯದಕ್ಕೆ ಉತ್ತರ. ಕೈಗೆ ಸುಲಭವಾಗಿ ಸಿಗುವ ಕೋಷ್ಟಕ ಮೊದಲನೆಯದಕ್ಕೆ ಉತ್ತರಿಸುತ್ತದೆ.

ತೊಡಕಿನ ಬೇರು ಇಲ್ಲಿದೆ. ಬೇರೆ ಉದ್ಯಮಗಳನ್ನು ನಾವು ಅವು ಏನು ತಯಾರಿಸುತ್ತವೆ ಎಂಬುದರಿಂದ ಗುರುತಿಸುತ್ತೇವೆ. ಸಿಮೆಂಟ್ ತಯಾರಿಸಿದರೆ ಸಿಮೆಂಟ್ ಉದ್ಯಮ, ಬಟ್ಟೆ ನೇಯ್ದರೆ ಜವಳಿ ಉದ್ಯಮ. ಪ್ರವಾಸೋದ್ಯಮವನ್ನು ಮಾತ್ರ ಕೊಳ್ಳುವವನು ಯಾರು ಎಂಬುದರಿಂದ ಗುರುತಿಸಬೇಕು. ಒಂದೇ ಮೇಜಿನಲ್ಲಿ ಪಕ್ಕದ ಬೀದಿಯ ಗುಮಾಸ್ತರೊಬ್ಬರು, ಮುನ್ನೂರು ಕಿಲೋಮೀಟರ್ ದೂರದಿಂದ ಬಂದ ಕುಟುಂಬವೊಂದು ಎದುರುಬದುರು ಕೂತು ಊಟ ಮಾಡುತ್ತಾರೆ. ಅಡುಗೆಯವನಿಗೆ ಎರಡೂ ಎಲೆ ಒಂದೇ. ನಿಮ್ಮ ಲೆಕ್ಕದಲ್ಲಿ ಮಾತ್ರ ಒಂದು ಒಳಗೆ, ಇನ್ನೊಂದು ಹೊರಗೆ. ವಿಶ್ವಸಂಸ್ಥೆಯ ಕೈಗಾರಿಕಾ ವರ್ಗೀಕರಣದಲ್ಲಿ (ಐಎಸ್‌ಐಸಿ) ವಸತಿಗೆ 55, ಆಹಾರ ಸೇವೆಗೆ 56 ಎಂದು ಸಂಖ್ಯೆಗಳಿವೆ. ಹುಡುಕಿದರೂ 'ಪ್ರವಾಸೋದ್ಯಮ' ಎಂಬ ಸಂಖ್ಯೆ ಸಿಗುವುದಿಲ್ಲ. ನಿಮ್ಮ 14,000 ಎಂದರೆ 55 ಮತ್ತು 56 ಕೂಡಿಸಿದ್ದು. ಅದರಲ್ಲಿ ಊರಿನವರಿಗೇ ಬಡಿಸುವ ನೂರಾರು ಜನ ಸೇರಿದ್ದಾರೆ. ಪ್ರವಾಸಿಗರನ್ನೇ ನಂಬಿ ಬದುಕುವ ಟ್ಯಾಕ್ಸಿ ಚಾಲಕ, ಗೈಡು, ದೋಣಿಯವನು ಬಿಟ್ಟುಹೋಗಿದ್ದಾರೆ. ಅಂದರೆ ಆ ಅಂಕಿ ಒಂದು ಕಡೆ ಉಬ್ಬಿದೆ, ಇನ್ನೊಂದು ಕಡೆ ಸೊರಗಿದೆ.

ಇದನ್ನು ಸರಿಪಡಿಸಲೆಂದೇ 2008ರಲ್ಲಿ ವಿಶ್ವಸಂಸ್ಥೆ ಎರಡು ದಾಖಲೆಗಳನ್ನು ಅಂತಿಮಗೊಳಿಸಿತು. ಒಂದು, ಪ್ರವಾಸೋದ್ಯಮ ಅಂಕಿಅಂಶಗಳ ಶಿಫಾರಸುಗಳು. ಇನ್ನೊಂದು, ಟೂರಿಸಂ ಸ್ಯಾಟಲೈಟ್ ಅಕೌಂಟ್ (ಟಿಎಸ್‌ಎ) ಎಂಬ ಲೆಕ್ಕಪದ್ಧತಿಯ ಚೌಕಟ್ಟು. ಮೊದಲನೆಯದರ ಪ್ರಕಾರ ಪ್ರವಾಸಿ ಎಂದರೆ ತನ್ನ ದಿನನಿತ್ಯದ ಓಡಾಟದ ಪರಿಸರ ಬಿಟ್ಟು, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಹೊರಗೆ ಹೋದವನು. ಹೋದ ಜಾಗದಲ್ಲಿ ಅಲ್ಲಿಯವರ ಕೈಕೆಳಗೆ ಸಂಬಳಕ್ಕೆ ದುಡಿಯಲು ಹೋದವನಾಗಿರಬಾರದು. ಈ ಕೊನೆಯ ಮಾತು ನಿಮಗೆ ಉಪಯೋಗಕ್ಕೆ ಬರುತ್ತದೆ. ಸೀಸನ್ನಿನಲ್ಲಿ ಬೇರೆಡೆಯಿಂದ ಬರುವ ಮಾಣಿ ಪ್ರವಾಸಿಯಲ್ಲ, ನೀವು ಎಣಿಸಬೇಕಾದ ಕೆಲಸಗಾರ. ಇನ್ನು ರಾತ್ರಿ ಉಳಿಯದೆ ಸಂಜೆಗೆ ಮರಳುವವನೂ ಲೆಕ್ಕಕ್ಕೆ ಸೇರುತ್ತಾನೆ. ರೂಮಿನ ಬುಕಿಂಗ್ ನೋಡಿ ಪ್ರವಾಸಿಗರನ್ನು ಎಣಿಸುವವರು ಇವನನ್ನು ಪೂರ್ತಿ ಮರೆಯುತ್ತಾರೆ.

ಟಿಎಸ್‌ಎ ಮಾಡುವ ಕೆಲಸವನ್ನು ಸರಳವಾಗಿ ಹೇಳಬಹುದು: ಪ್ರತಿ ಉದ್ಯಮದ ಮಾರಾಟದಲ್ಲಿ ಪ್ರವಾಸಿಗರ ಪಾಲೆಷ್ಟು ಎಂದು ಕಂಡುಹಿಡಿಯುವುದು. ದೇಶದ ಮಟ್ಟದಲ್ಲಿ ಇದನ್ನು ಮೊದಲು ಪ್ರಕಟಿಸಿದ್ದು ಕೆನಡಾ, 1994ರಲ್ಲಿ. ಚೌಕಟ್ಟಿನ ಹತ್ತು ಕೋಷ್ಟಕಗಳ ಪೈಕಿ ಏಳನೆಯದು ಉದ್ಯೋಗದ್ದು. ಅದು ಪ್ರವಾಸೋದ್ಯಮಕ್ಕೆ ಸೇರುವ ಉದ್ಯಮಗಳಲ್ಲಿರುವ ಕೆಲಸಗಳನ್ನು ತೋರಿಸುತ್ತದೆಯೇ ಹೊರತು, ಅವುಗಳಲ್ಲಿ ಎಷ್ಟು ಪ್ರವಾಸಿಗರಿಂದಾಗಿಯೇ ಇವೆ ಎಂದು ಹೇಳುವುದಿಲ್ಲ. ಆ ಹೆಜ್ಜೆಯನ್ನು ನೀವೇ ಇಡಬೇಕು.

ಬರೀ ಉದಾಹರಣೆಗೆ ಕೆಲವು ಅಂಕಿಗಳನ್ನು ಹಿಡಿಯೋಣ. ನಿಮ್ಮ 14,000ದಲ್ಲಿ ವಸತಿಯದ್ದು 4,000, ಊಟ-ತಿಂಡಿಯದ್ದು 10,000 ಎಂದುಕೊಳ್ಳಿ. ಜೊತೆಗೆ ಪ್ರಯಾಣಿಕ ಸಾರಿಗೆಯಲ್ಲಿ 5,000, ಮನರಂಜನೆ ಮತ್ತು ಸಾಂಸ್ಕೃತಿಕ ತಾಣಗಳಲ್ಲಿ 1,500. ಒಟ್ಟು 20,500. ಇನ್ನು ಪ್ರವಾಸಿಗರ ಪಾಲು: ವಸತಿಯಲ್ಲಿ ಶೇ 90, ಊಟ-ತಿಂಡಿಯಲ್ಲಿ ಶೇ 30, ಸಾರಿಗೆಯಲ್ಲಿ ಶೇ 20, ಮನರಂಜನೆಯಲ್ಲಿ ಶೇ 40 ಇದ್ದರೆ ಕ್ರಮವಾಗಿ 3,600, 3,000, 1,000 ಮತ್ತು 600 ಕೆಲಸಗಳು. ಕೂಡಿದರೆ 8,200. ಚಿಲ್ಲರೆ ಅಂಗಡಿಗಳ 12,000 ಕೆಲಸಗಳಲ್ಲಿ ಶೇ 5 ಪ್ರವಾಸಿಗರಿಂದ ಎಂದರೆ ಇನ್ನೊಂದು 600. ಅಲ್ಲಿಗೆ 8,800. 'ಪ್ರವಾಸೋದ್ಯಮಕ್ಕೆ ಸೇರುವ ಉದ್ಯಮಗಳಲ್ಲಿ 20,500 ಕೆಲಸಗಳಿವೆ' ಮತ್ತು 'ಪ್ರವಾಸಿಗರ ಖರ್ಚಿನಿಂದ 8,800 ಕೆಲಸಗಳು ನಿಂತಿವೆ' ಎಂಬ ಎರಡೂ ವಾಕ್ಯಗಳನ್ನು ವರದಿಯಲ್ಲಿ ಬರೆಯಿರಿ. ಒಂದನ್ನೇ ಬರೆದರೆ ಓದುಗ ಅದನ್ನು ಇನ್ನೊಂದೆಂದು ಓದಿಕೊಳ್ಳುತ್ತಾನೆ.

ಲೆಕ್ಕ ಎಲ್ಲಿ ಅಲ್ಲಾಡುತ್ತದೆ ಎಂದು ಗಮನಿಸಿದಿರಾ? ವಸತಿಯ ಶೇ 90ನ್ನು 95 ಮಾಡಿದರೆ ಹೆಚ್ಚುವುದು 200 ಕೆಲಸ. ಊಟ-ತಿಂಡಿಯ ಶೇ 30ನ್ನು 40 ಮಾಡಿದರೆ ಒಂದೇ ಏಟಿಗೆ 1,000 ಹೆಚ್ಚುತ್ತದೆ. ಆದ್ದರಿಂದ ನಿಮ್ಮಲ್ಲಿ ಸಮೀಕ್ಷೆಗೆ ಸ್ವಲ್ಪವೇ ಹಣವಿದ್ದರೆ ಅದನ್ನು ಲಾಡ್ಜುಗಳ ಮೇಲೆ ಸುರಿಯಬೇಡಿ. ಊಟದ ಹೋಟೆಲುಗಳಲ್ಲಿ ಗಿರಾಕಿಗಳನ್ನು 'ಎಲ್ಲಿಂದ ಬಂದಿರಿ' ಎಂದು ಕೇಳಿಸಿ. ವಾರದ ದಿನ, ರಜೆ ದಿನ, ಸೀಸನ್, ಅನ್‌ಸೀಸನ್ ಎಲ್ಲದರಲ್ಲೂ ಕೇಳಿಸಿ. ಮಾಲೀಕರನ್ನು ಕೇಳಿದರೆ ಸಾಕಲ್ಲ ಅನ್ನಬಹುದು. ಮಾಲೀಕರಿಗೆ ತುಂಬಿದ ದಿನಗಳೇ ನೆನಪಿನಲ್ಲಿರುತ್ತವೆ. ದೇಶದ ಸರಾಸರಿ ಪಾಲನ್ನೇ ಎತ್ತಿ ತಂದು ಪ್ರದೇಶಕ್ಕೆ ಅಂಟಿಸುವುದು ಎಲ್ಲರೂ ಮಾಡುವ ಅಡ್ಡದಾರಿ. ಕಡಲತೀರದ ಪಟ್ಟಣಕ್ಕೂ ಕಾರ್ಖಾನೆಗಳ ಪಟ್ಟಣಕ್ಕೂ ಒಂದೇ ಶೇಕಡಾವಾರು ಹೇಗೆ ಹೊಂದುತ್ತದೆ?

ಟ್ರಾವೆಲ್ ಏಜೆನ್ಸಿಗಳನ್ನು ನಾನು ಬೇಕೆಂದೇ ಮೇಲಿನ ಲೆಕ್ಕದಿಂದ ಹೊರಗಿಟ್ಟೆ. ಅವು ಪ್ರವಾಸೋದ್ಯಮದ ಪಟ್ಟಿಯಲ್ಲಿ ಸೇರುವುದೇನೋ ನಿಜ. ಆದರೆ ಅನೇಕ ಕಡೆ ಅವುಗಳ ವ್ಯಾಪಾರ ನಡೆಯುವುದು ಊರಿನವರನ್ನು ಬೇರೆಡೆಗೆ ಕಳಿಸುವುದರಿಂದ. ದೇಶದ ಲೆಕ್ಕದಲ್ಲಿ ಆ ಖರ್ಚಿಗೂ ಜಾಗವಿದೆ. ಆದರೆ ಅದು ನಿಮ್ಮ ಪ್ರದೇಶಕ್ಕೆ ಬರುವ ಪ್ರವಾಸಿಗರಿಂದ ಹುಟ್ಟಿದ ಕೆಲಸವಲ್ಲ. ಅದನ್ನು ಬೇರೆ ಸಾಲಿನಲ್ಲಿ ತೋರಿಸಿ.

ಇಷ್ಟು ಹೊತ್ತು ಪಾಲಿನ ಮಾತಾಯಿತು. ಪಾಲು ತೆಗೆಯುವ ಮೊದಲು ಒಟ್ಟು ಕೆಲಸಗಾರರ ಸಂಖ್ಯೆ ಸರಿಯಿರಬೇಕಲ್ಲ? ನನ್ನ ಅನುಭವದಲ್ಲಿ ಹೆಚ್ಚು ತೂತುಗಳಿರುವುದು ಅಲ್ಲೇ. ಹಲವು ವರ್ಷಗಳ ಹಿಂದೆ ಮಧ್ಯಮ ಗಾತ್ರದ ಹೋಟೆಲೊಂದಕ್ಕೆ ಸಮೀಕ್ಷೆಯ ಫಾರಂ ಹಿಡಿದು ಹೋಗಿದ್ದೆ. ಮ್ಯಾನೇಜರ್ ಹಾಜರಿ ಪುಸ್ತಕ ತೆರೆದು 'ಇಪ್ಪತ್ತೆಂಟು ಜನ' ಅಂದರು. ಪುಸ್ತಕದಲ್ಲೂ ಇಪ್ಪತ್ತೆಂಟೇ ಇತ್ತು. ಕಾಫಿ ಬರುವವರೆಗೆ ಹಿತ್ತಲ ಕಡೆ ಹೋಗಿ ನಿಂತೆ. ಬೆಡ್‌ಶೀಟುಗಳ ಗಂಟು ಹೊತ್ತು ನಾಲ್ವರು ವ್ಯಾನಿಗೆ ತುಂಬುತ್ತಿದ್ದರು. ಗೇಟಿನಲ್ಲಿ ಇಬ್ಬರು ಸೆಕ್ಯುರಿಟಿ. ಪಾತ್ರೆ ತೊಳೆಯುವ ಜಾಗದಲ್ಲಿ ಮೂವರು. ಮೆಟ್ಟಿಲು ಒರೆಸುತ್ತಿದ್ದವರು ಇಬ್ಬರು. ಕ್ಯಾಷ್ ಕೌಂಟರಿನಲ್ಲಿ ಮಾಲೀಕರ ತಂಗಿಯ ಮಗ. ಈ ಹನ್ನೆರಡು ಜನರಲ್ಲಿ ಯಾರ ಹೆಸರೂ ಪುಸ್ತಕದಲ್ಲಿರಲಿಲ್ಲ. ಮ್ಯಾನೇಜರ್ ನನಗೆ ಸುಳ್ಳು ಹೇಳಿರಲಿಲ್ಲ. ತಾವು ಸಂಬಳ ಕೊಡುವವರ ಲೆಕ್ಕ ಕೊಟ್ಟಿದ್ದರು. ಬಟ್ಟೆಯವರು ಲಾಂಡ್ರಿ ಗುತ್ತಿಗೆದಾರನ ಕಡೆಯವರು, ಗೇಟಿನವರು ಸೆಕ್ಯುರಿಟಿ ಏಜೆನ್ಸಿಯವರು, ಒರೆಸುವವರು ಕ್ಲೀನಿಂಗ್ ಕಂಪನಿಯವರು, ಪಾತ್ರೆಯವರು ದಿನಗೂಲಿಗಳು, ತಂಗಿಯ ಮಗ 'ಮನೆಯ ಹುಡುಗ'.

ವರ್ಗೀಕರಣ ನೋಡುವುದು ಸಂಬಳ ಕೊಡುವ ಸಂಸ್ಥೆಯ ಮುಖ್ಯ ಕಸುಬನ್ನು. ಹೋಟೆಲು ತನ್ನ ಹೌಸ್‌ಕೀಪಿಂಗನ್ನು ಹೊರಗುತ್ತಿಗೆಗೆ ಕೊಟ್ಟ ದಿನ, ಅದೇ ಹೆಂಗಸು ಅದೇ ರೂಮಿನ ಅದೇ ಹಾಸಿಗೆ ಸರಿಮಾಡುತ್ತಿದ್ದರೂ ಕೋಷ್ಟಕದಲ್ಲಿ ವಸತಿಯ ಸಾಲಿನಿಂದ ಕಟ್ಟಡ ಸ್ವಚ್ಛತೆಯ ಸಾಲಿಗೆ ಹೋಗಿರುತ್ತಾಳೆ. ವಸತಿ ವಲಯದಲ್ಲಿ ಉದ್ಯೋಗ ಕುಸಿದಿದೆ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಮೊದಲು ಬರುವ ಅನುಮಾನ ಇದೇ. 'ಮನೆಯ ಹುಡುಗ'ನ ವಿಚಾರದಲ್ಲಿ ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿದೆ: ಮನೆಯವರ ವ್ಯಾಪಾರದಲ್ಲಿ ಸಂಬಳವಿಲ್ಲದೆ ದುಡಿಯುವವನೂ ಉದ್ಯೋಗಸ್ಥನೇ. ಹೋಮ್‌ಸ್ಟೇ ಹೆಚ್ಚಿರುವ ಪ್ರದೇಶವಾದರೆ ಈ ಒಂದು ವರ್ಗ ಬಿಟ್ಟುಹೋದರೂ ನಿಮ್ಮ ಲೆಕ್ಕ ಕುಸಿಯುತ್ತದೆ. ಬಿಡುವವರು ಹೆಚ್ಚಾಗಿ ಹೆಂಗಸರನ್ನೇ, ಏಕೆಂದರೆ ಅತಿಥಿಯ ಕೋಣೆ ಗುಡಿಸುವುದನ್ನು ಅವರು ತಮ್ಮ ಬಾಯಲ್ಲೇ 'ಮನೆಗೆಲಸ' ಅನ್ನುತ್ತಾರೆ.

ಹಾಗಾದರೆ ಮಾಲೀಕರನ್ನು ಬಿಟ್ಟು ಮನೆಮನೆಗೆ ಹೋಗಿ ಕೇಳೋಣವೇ? ಕಾರ್ಮಿಕ ಸಮೀಕ್ಷೆಗಳು ಮಾಡುವುದು ಅದನ್ನೇ. ಅವುಗಳಲ್ಲಿ ದಿನಗೂಲಿ, ಸ್ವಂತ ಉದ್ಯೋಗ, ಮನೆಯ ಹುಡುಗ ಎಲ್ಲರೂ ಸಿಗುತ್ತಾರೆ. ತಪ್ಪಿಹೋಗುವವರು ಬೇರೆ. ಹೋಟೆಲಿನ ಹಿಂದಿನ ಶೆಡ್ಡಿನಲ್ಲೋ ಸ್ಟಾಫ್ ಕ್ವಾರ್ಟರ್ಸಿನಲ್ಲೋ ಮಲಗುವ ಹುಡುಗರು 'ಕುಟುಂಬ'ದ ಪಟ್ಟಿಯಲ್ಲಿ ಬರುವುದಿಲ್ಲ. ನಾಲ್ಕು ತಿಂಗಳಿಗೆ ಬಂದವನನ್ನು ಅಲ್ಲಿಯ ನಿವಾಸಿ ಎಂದು ಸಾಮಾನ್ಯವಾಗಿ ಪರಿಗಣಿಸುವುದೂ ಇಲ್ಲ. ಅವನ ಊರಿನ ಮನೆಯಲ್ಲಿ ಕೇಳಿದರೆ 'ಹೊರಗೆ ಹೋಗಿದ್ದಾನೆ' ಎಂಬ ಉತ್ತರ. ಹೀಗೆ ಎರಡೂ ಕಡೆ ಇಲ್ಲದವನಾಗುತ್ತಾನೆ. ಜೊತೆಗೆ ದೇಶಕ್ಕೆಂದು ಆಯ್ದ ಮಾದರಿಯಿಂದ ಒಂದು ಸಣ್ಣ ಪ್ರದೇಶದ ಪಾಲಿಗೆ ಬರುವುದು ಬೆರಳೆಣಿಕೆಯ ಹೋಟೆಲ್ ಕೆಲಸಗಾರರು. ಒಂದು ವರ್ಷ ಇಬ್ಬರು ಹೆಚ್ಚು ಸಿಕ್ಕರೆ ಉದ್ಯೋಗ 'ಏರಿತು' ಎಂದು ತೋರುತ್ತದೆ. ಎರಡು ಮೂರು ವರ್ಷಗಳ ಮಾಹಿತಿ ಕೂಡಿಸಿ ನೋಡದೆ ಅಂಥ ಏರಿಳಿತಕ್ಕೆ ಅರ್ಥ ಹಚ್ಚಬೇಡಿ.

ವಿಮೆ ಅಥವಾ ತೆರಿಗೆಯ ಆಡಳಿತ ದಾಖಲೆಗಳಿದ್ದರೆ ಸಣ್ಣ ಪ್ರದೇಶಕ್ಕೆ ಅವೇ ಆಸರೆ. ಅಮೆರಿಕದಲ್ಲಿ ನಿರುದ್ಯೋಗ ವಿಮೆಯ ದಾಖಲೆ ಆಧರಿಸಿ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಎಣಿಕೆ ಕೌಂಟಿ ಮಟ್ಟದವರೆಗೆ ಸಿಗುತ್ತದೆ. ಶೇ 95ಕ್ಕಿಂತ ಹೆಚ್ಚು ಕೆಲಸಗಳು ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಸ್ವಂತ ಉದ್ಯೋಗದವರು ಅದರಲ್ಲಿಲ್ಲ. ಇಂಥ ದಾಖಲೆಗಳಲ್ಲಿ ಎರಡು ಕಡೆ ಕಣ್ಣಿಡಿ. ಸರಣಿ ಹೋಟೆಲಿನವರು ಎಲ್ಲ ಶಾಖೆಗಳ ಸಂಬಳವನ್ನೂ ಕೇಂದ್ರ ಕಚೇರಿಯ ವಿಳಾಸದಲ್ಲೇ ತೋರಿಸಿದ್ದರೆ, ನಿಮ್ಮ ಕಡೆಯ ಇನ್ನೂರು ಜನ ರಾಜಧಾನಿಯ ಲೆಕ್ಕದಲ್ಲಿರುತ್ತಾರೆ. ಇನ್ನೊಂದು, ಪ್ರದೇಶದಲ್ಲಿ ಒಂದೇ ದೊಡ್ಡ ರೆಸಾರ್ಟ್ ಇದ್ದರೆ ಅದರ ಗುಟ್ಟು ಬಯಲಾಗದಿರಲೆಂದು ಆ ಸಾಲನ್ನೇ ಮುಚ್ಚಿಡುತ್ತಾರೆ. ಖಾಲಿ ಬಿಟ್ಟ ಆ ಚೌಕವನ್ನು ಸೊನ್ನೆ ಎಂದು ಓದಿದ ವರದಿಯನ್ನು ನಾನು ಕಂಡಿದ್ದೇನೆ.

ಕೆಲಸ ಇರುವ ಜಾಗ, ಕೆಲಸಗಾರ ವಾಸಿಸುವ ಜಾಗ ಬೇರೆಬೇರೆ ಆಗಿರಬಹುದು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಡಿಗೆ ದುಬಾರಿಯಾದ ಪ್ರವಾಸಿ ತಾಣಗಳಲ್ಲಿ ಕೆಲಸಗಾರರು ದೂರದ ಊರುಗಳಿಂದ ಬಸ್ಸು ಹಿಡಿದು ಬರುತ್ತಾರೆ. ಮನೆ ಸಮೀಕ್ಷೆ ಅವರನ್ನು ವಾಸದ ಊರಿಗೆ ಬರೆಯುತ್ತದೆ, ಸಂಸ್ಥೆಗಳ ಸಮೀಕ್ಷೆ ದುಡಿಯುವ ಊರಿಗೆ. ಎರಡು ಮೂಲಗಳನ್ನು ಬೆರೆಸಿದ ಕೋಷ್ಟಕದಲ್ಲಿ ಒಬ್ಬನೇ ಎರಡು ಸಲ ಬಂದಿರುತ್ತಾನೆ.

ಮುಂದಿನದು ಅಳತೆಗೋಲಿನ ವಿಷಯ. ವಾರದಲ್ಲಿ ಒಂದು ಗಂಟೆ ಸಂಬಳಕ್ಕೋ ಲಾಭಕ್ಕೋ ದುಡಿದವನೂ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿ ಉದ್ಯೋಗಸ್ಥ. ಬೇರೆ ಉದ್ಯಮಗಳಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ, ಆತಿಥ್ಯದಲ್ಲಿದೆ. ಮೂವರನ್ನು ನೋಡಿ. ಒಬ್ಬ ವರ್ಷವಿಡೀ ವಾರಕ್ಕೆ 48 ಗಂಟೆ ದುಡಿಯುತ್ತಾನೆ. ಎರಡನೆಯವನದು ಸೀಸನ್ನಿನ ನಾಲ್ಕೇ ತಿಂಗಳು, ಆದರೆ ವಾರಕ್ಕೆ 70 ಗಂಟೆ. ಮೂರನೆಯವಳು ವಾರಾಂತ್ಯದಲ್ಲಿ 16 ಗಂಟೆ. ತಲೆ ಎಣಿಸಿದರೆ ಮೂರು. 48 ಗಂಟೆಯ ವಾರವನ್ನು ಪೂರ್ಣಾವಧಿ ಎಂದು ಹಿಡಿದು ಗಂಟೆಗಳನ್ನು ಪರಿವರ್ತಿಸಿದರೆ ಮೊದಲನೆಯವನು 1, ಎರಡನೆಯವನು ಸುಮಾರು 0.49, ಮೂರನೆಯವಳು 0.33. ಒಟ್ಟು 1.82. ಆ ಮೂರನೆಯವಳು ಉಳಿದ ದಿನ ಇನ್ನೊಂದು ಹೋಟೆಲಿನಲ್ಲಿ ದುಡಿಯುತ್ತಿದ್ದರೆ ಕೆಲಸಗಳು ನಾಲ್ಕು, ಜನ ಮೂರೇ. ಜನ, ಕೆಲಸ, ಪೂರ್ಣಾವಧಿಗೆ ಸಮನಾದ ಕೆಲಸ: ಕೋಷ್ಟಕದ ತಲೆಬರಹದಲ್ಲಿ ಯಾವುದೆಂದು ಬರೆಯದಿದ್ದರೆ ಆ ಕೋಷ್ಟಕವನ್ನು ಉಪಯೋಗಿಸಬೇಡಿ.

ಗಂಟೆಗಳ ಲೆಕ್ಕ ಎಷ್ಟು ಮುಖ್ಯ ಅನ್ನುವುದನ್ನು 2020 ತೋರಿಸಿಕೊಟ್ಟಿತು. ಹೋಟೆಲುಗಳು ಬಾಗಿಲು ಹಾಕಿದವು, ಆದರೆ 'ತೆರೆದಾಗ ಬಾ' ಎಂದು ಹೇಳಿ ಕಳಿಸಿದವರನ್ನು ಹಲವು ದೇಶಗಳ ಸಮೀಕ್ಷೆಗಳು ಉದ್ಯೋಗಸ್ಥರೆಂದೇ ಎಣಿಸಿದವು. ಹಾಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗಂಟೆಗಳನ್ನು ಎಣಿಸಿತು. ಎಲ್ಲ ಉದ್ಯಮಗಳೂ ಸೇರಿ ಜಗತ್ತು ಆ ವರ್ಷ ದುಡಿಮೆಯ ಗಂಟೆಗಳಲ್ಲಿ ಶೇ 8.8 ಕಳೆದುಕೊಂಡಿತ್ತು, ವಾರಕ್ಕೆ 48 ಗಂಟೆಯಂತೆ ಅದು 25.5 ಕೋಟಿ ಪೂರ್ಣಾವಧಿ ಕೆಲಸಗಳಿಗೆ ಸಮ ಎಂದು ಅಂದಾಜಿಸಿತು.

ಸೀಸನ್ನಿನ ಬಗ್ಗೆ ಒಂದೇ ಮಾತು. ಸಮೀಕ್ಷೆ ನಡೆದ ತಿಂಗಳು ಯಾವುದೆಂದು ಕೇಳಿ. ಮಾಲೀಕರ ಸಂಘದ 40,000 ತುಂಬಿದ ಸೀಸನ್ನಿನ ತಲೆಲೆಕ್ಕ ಇರಬಹುದು, ಅದರಲ್ಲಿ ಊರಿನವರಿಗೆ ಬಡಿಸುವವರೂ ಗುತ್ತಿಗೆಯವರೂ ಒಟ್ಟಾಗಿ ಬಂದಿರಬಹುದು. ಹನ್ನೆರಡು ತಿಂಗಳ ಸರಾಸರಿ ಕೊಡಿ, ಪಕ್ಕದಲ್ಲೇ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ತಿಂಗಳ ಅಂಕಿಗಳನ್ನೂ ಕೊಡಿ.

ಸಮೀಕ್ಷೆಗೆ ಹಣವೇ ಇಲ್ಲ ಎಂದರೆ ಒಂದು ಮೋಟು ದಾರಿಯಿದೆ. ಅದಕ್ಕೆ ಲೊಕೇಶನ್ ಕೋಶೆಂಟ್ ಎನ್ನುತ್ತಾರೆ. ನಿಮ್ಮ ಪ್ರದೇಶದ ಒಟ್ಟು 1,00,000 ಕೆಲಸಗಳಲ್ಲಿ 14,000 ಹೋಟೆಲು-ಊಟದವು, ಅಂದರೆ ಶೇ 14 ಎಂದುಕೊಳ್ಳಿ. ದೇಶದಲ್ಲಿ ಆ ಪಾಲು ಶೇ 7 ಇದ್ದರೆ ಅನುಪಾತ 2. ದೇಶದ ಸರಾಸರಿಯಷ್ಟು, ಅಂದರೆ 7,000 ಕೆಲಸ ಊರಿನವರಿಗಾಗಿ, ಮಿಕ್ಕ 7,000 ಹೊರಗಿನವರಿಂದ ಎಂದು ಊಹಿಸುವುದು. ಹತ್ತು ನಿಮಿಷದ ಲೆಕ್ಕ, ದಿಕ್ಕು ತೋರಿಸುತ್ತದೆ. ಆದರೆ ದೇಶದ ಸರಾಸರಿಯೊಳಗೇ ಪ್ರವಾಸಿಗರು ಸೇರಿದ್ದಾರೆ. ಊರಿನವರೇ ಹೊರಗೆ ತಿನ್ನುವ ರೂಢಿ ಹೆಚ್ಚಿರುವ ನಗರಗಳಲ್ಲಿ ಇದು ಇಲ್ಲದ ಪ್ರವಾಸಿಗರನ್ನು ಹುಟ್ಟಿಸುತ್ತದೆ. ಅನುಪಾತ 1ಕ್ಕಿಂತ ಕಡಿಮೆ ಬಂದರೆ ಅಲ್ಲಿ ಪ್ರವಾಸಿಗರೇ ಇಲ್ಲ ಎಂಬ ಅಸಂಬದ್ಧ ಉತ್ತರವೂ ಬರುತ್ತದೆ. ಬೇರೆ ವಿಧಾನದಲ್ಲಿ ತೆಗೆದ ಅಂಕಿಯನ್ನು ತಾಳೆ ನೋಡಲು ಇದನ್ನು ಇಟ್ಟುಕೊಳ್ಳಿ.

ಈಗ ಆ 65,000. ಸಂಘದ 40,000ಕ್ಕೆ 1.6ರ ಗುಣಕ (ನೇರ ಕೆಲಸಗಳ ಬೆನ್ನಿಗೆ ಹುಟ್ಟುವ ಬೇರೆ ಕೆಲಸಗಳನ್ನೂ ಸೇರಿಸಲು ಗುಣಿಸುವ ಅಂಕಿ) ಹಾಕಿದರೆ 64,000 ಆಗುತ್ತದೆ. ಸಲಹಾ ಸಂಸ್ಥೆಯವರು ಹೀಗೇ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ, ಆದರೆ ವರದಿಯ ಅನುಬಂಧ ತೆರೆದು ಮೊದಲು ಇದನ್ನೇ ನೋಡುತ್ತೇನೆ. ಪ್ರವಾಸಿಗೆ ನೇರವಾಗಿ ಮಾರುವವರ ಕೆಲಸ 'ನೇರ'. ಅವರಿಗೆ ತರಕಾರಿ, ಹಾಸಿಗೆ, ವಿದ್ಯುತ್ತು ಒದಗಿಸುವವರದು 'ಪರೋಕ್ಷ'. ಈ ಎಲ್ಲರೂ ತಮ್ಮ ಸಂಬಳ ಖರ್ಚು ಮಾಡುವುದರಿಂದ ಹುಟ್ಟುವುದು 'ಪ್ರೇರಿತ'. ಜಗತ್ತಿನ ಹತ್ತು ಕೆಲಸಗಳಲ್ಲಿ ಒಂದು ಪ್ರವಾಸೋದ್ಯಮದಿಂದ ಎಂದು ವರ್ಲ್ಡ್ ಟ್ರಾವೆಲ್ ಆ್ಯಂಡ್ ಟೂರಿಸಂ ಕೌನ್ಸಿಲ್ ಹೇಳಿಕೊಂಡು ಬಂದಿರುವ ಮಾತಿನಲ್ಲಿ ಮೂರೂ ಸೇರಿವೆ. ಗುಣಕವನ್ನು ನಾನು ತಳ್ಳಿಹಾಕುವುದಿಲ್ಲ. ಪ್ರವಾಸಿಗರಿಂದಾದ ನೇರ ಕೆಲಸಗಳಿಗೆ ಮಾತ್ರ ಅದನ್ನು ಹಾಕಬೇಕು, ಉದ್ಯಮದ ಒಟ್ಟು ಸಂಖ್ಯೆಗಲ್ಲ. ಊರಿನವರ ಊಟದಿಂದ ನಡೆಯುವ ಹೋಟೆಲಿನ ಕೆಲಸಕ್ಕೆ ಗುಣಕ ಹಾಕಿದರೆ ಅದೇ ಊರಿನ ದುಡ್ಡನ್ನು ಎರಡನೇ ಸಲ ಎಣಿಸಿದಂತೆ. ದೇಶದ ಗುಣಕವನ್ನು ಸಣ್ಣ ಪ್ರದೇಶಕ್ಕೆ ತರುವುದೂ ಸಲ್ಲ. ಪ್ರದೇಶ ಚಿಕ್ಕದಾದಷ್ಟೂ ಸಾಮಾನು ಹೊರಗಿನಿಂದಲೇ ಬರುತ್ತದೆ, ಲಾಭ ಹೊರಗಿನ ಮಾಲೀಕನಿಗೆ ಹೋಗುತ್ತದೆ, ಗುಣಕ ಕುಗ್ಗುತ್ತದೆ. 65,000 ಜನರ ಹೆಸರಿನಲ್ಲಿ ರಿಯಾಯಿತಿ ಕೇಳುವ ಅರ್ಜಿಗೆ ಈ ಅಂಕಿ ಚೆಂದ ಕಾಣುತ್ತದೆ. ನಿಮ್ಮ ವರದಿಯ ಮೊದಲ ಪುಟಕ್ಕೆ ಬೇಡ.

ಹೋಲಿಕೆಯ ಬಗ್ಗೆ ಕೇಳಿದ್ದೀರಿ. ಪಕ್ಕದ ಪ್ರದೇಶದವರು ಇದೇ ವ್ಯಾಖ್ಯೆ, ಇದೇ ಉದ್ಯಮಗಳ ಪಟ್ಟಿ, ಇದೇ ಅಳತೆ ಬಳಸಿದ್ದರೆ ಧಾರಾಳವಾಗಿ ಹೋಲಿಸಿ. ಅವರು ಸೀಸನ್ನಿನ ತಲೆ ಎಣಿಸಿ ನೀವು ವರ್ಷದ ಸರಾಸರಿ ಕೊಟ್ಟಿದ್ದರೆ ಬೇಡ. 2024ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಪ್ಪಿದ ಸುಸ್ಥಿರ ಪ್ರವಾಸೋದ್ಯಮ ಮಾಪನದ ಚೌಕಟ್ಟು ದೇಶದ ಜೊತೆಗೆ ಅದರೊಳಗಿನ ಪ್ರದೇಶಗಳನ್ನೂ ಅಳೆಯಬೇಕೆನ್ನುತ್ತದೆ. ಉದ್ಯಮಗಳ ಪಟ್ಟಿಗೆ ಇಬ್ಬರೂ ಅದನ್ನೇ ಆಧಾರ ಮಾಡಿಕೊಂಡರೆ ಜಗಳ ಅರ್ಧ ಕಡಿಮೆಯಾಗುತ್ತದೆ. ಹಿಂದಿನ ವರ್ಷಗಳ ವಿಚಾರದಲ್ಲಿ ವರ್ಗೀಕರಣ ಬದಲಾದ ವರ್ಷಕ್ಕೆ ಗುರುತು ಹಾಕಿಕೊಳ್ಳಿ. ಐಎಸ್‌ಐಸಿಯ ಐದನೇ ಪರಿಷ್ಕರಣೆ 2023ರಲ್ಲಿ ಅಂಗೀಕಾರವಾಯಿತು, ದೇಶಗಳು ಒಂದೊಂದಾಗಿ ಅದಕ್ಕೆ ಬದಲಾಗಬೇಕಿದೆ. ಬುಕಿಂಗ್ ವೇದಿಕೆಗಳಂಥ ಮಧ್ಯವರ್ತಿ ಸೇವೆಗಳನ್ನು ಎಲ್ಲಿ ಸೇರಿಸಬೇಕೆಂಬ ಕ್ರಮ ಅದರಲ್ಲಿ ಬೇರೆಯಾಗಿದೆ. ನಿಮ್ಮ ದೇಶ ಅದಕ್ಕೆ ಬದಲಾಗುವ ವರ್ಷದಲ್ಲಿ ಹಳೆಯ ಕ್ರಮದ ಅಂಕಿ, ಹೊಸ ಕ್ರಮದ ಅಂಕಿ ಎರಡನ್ನೂ ಕೊಡಿ ಎಂದು ಅಂಕಿಅಂಶ ಕಚೇರಿಗೆ ಈಗಲೇ ಪತ್ರ ಬರೆದಿಡಿ. ಆಮೇಲೆ ಕೇಳಿದರೆ ಹಳೆಯ ಕ್ರಮದಲ್ಲಿ ಮತ್ತೆ ಲೆಕ್ಕ ಹಾಕಿಕೊಡಲು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.